ಅಮೆರಿಕಾದಲ್ಲಿ ಮಕ್ಕಳ ಪ್ರೋಗ್ರಾಂಗೆ ಫ್ಯಾಮಿಲಿ ಫೌಂಡೇಶನ್ ಗ್ರಾಂಟ್ – ನಮ್ಮಂಥ ಸಣ್ಣವರಿಗೆ ಸಿಗುತ್ತಾ?

ಶನಿವಾರದ_ಮೇಷ್ಟ್ರು

ಎಲ್ಲರಿಗೂ ನಮಸ್ಕಾರ. ಇಲ್ಲಿ ಅಮೆರಿಕಾದಲ್ಲಿ ನಾನ್‌ಪ್ರಾಫಿಟ್ ನಡೆಸಿದವ್ರು, ಗ್ರಾಂಟ್ ಬರೆದು ಅಭ್ಯಾಸ ಇರೋರು ಯಾರಾದ್ರೂ ಇದ್ರೆ ಸ್ವಲ್ಪ ದಾರಿ ತೋರಿಸಿ. ನಾವೊಂದಷ್ಟು ಜನ ಸೇರ್ಕೊಂಡು ಒಂದು ಟೈಟಲ್ ಒನ್ (ಬಡ ಮಕ್ಕಳು ಜಾಸ್ತಿ ಇರೋದ್ರಿಂದ ಫೆಡರಲ್ ನೆರವು ಸಿಗೋ) ಮಿಡಲ್ ಸ್ಕೂಲ್ ಪಕ್ಕದ ಲೈಬ್ರರಿಯಲ್ಲಿ ಶನಿವಾರ ಶನಿವಾರ ಮಕ್ಕಳಿಗೆ ಗಣಿತ, ಓದು, ಸ್ವಲ್ಪ ಕೋಡಿಂಗ್ ಹೇಳಿಕೊಡ್ತೀವಿ. ಶುರು ಮಾಡಿದಾಗ ಬರೀ ನಾಲ್ಕೈದು ಮಕ್ಕಳು, ಈಗ ಕುರ್ಚಿ ಸಾಲಲ್ಲ, ವೇಟಿಂಗ್ ಲಿಸ್ಟ್ ಇದೆ. ಬರೋ ಮಕ್ಕಳಲ್ಲಿ ಹೆಚ್ಚಿನವ್ರ ಅಪ್ಪ ಅಮ್ಮ ಶನಿವಾರಾನೂ ಶಿಫ್ಟ್‌ಗೆ ಹೋಗೋರು, ಮನೆಯಲ್ಲಿ ಲ್ಯಾಪ್‌ಟಾಪ್ ಇಲ್ಲ, ಇದ್ರೂ ಅಣ್ಣ ತಮ್ಮ ಮೂರು ಜನಕ್ಕೆ ಒಂದು.

501ಸಿ3 ಸ್ಟೇಟಸ್ (ತೆರಿಗೆ ವಿನಾಯಿತಿ ಇರೋ ದಾನ ಸಂಸ್ಥೆ ಅನ್ನೋ ಮಾನ್ಯತೆ) ಇದೆ, 1023-ಈಝಡ್ ಅನ್ನೋ ಚಿಕ್ಕ ಅರ್ಜಿ ಫಾರಂ ಹಾಕಿ ತಗೊಂಡಿದ್ದು. ವರ್ಷದ ಖರ್ಚು 30,000 ಡಾಲರ್ ಒಳಗೇ ಇದೆ, ಅದೂ ನಮ್ಮ ಜೇಬು, ಫ್ರೆಂಡ್ಸ್ ಜೇಬು, ಆಮೇಲೆ ಆಫೀಸಲ್ಲಿ ವಾಲಂಟಿಯರ್ ಅವರ್ಸ್‌ಗೆ ಕೊಡೋ ಮ್ಯಾಚಿಂಗ್ ದುಡ್ಡು, ಇದರಲ್ಲೇ ನಡೀತಿದೆ. ಈಗ ವಾರದ ದಿನ ಸಂಜೇನೂ ಮಾಡ್ಬೇಕು, ಒಬ್ಬ ಪಾರ್ಟ್‌ಟೈಮ್ ಕೋಆರ್ಡಿನೇಟರ್‌ಗೆ ಸಂಬಳ ಕೊಟ್ಟು ಇಟ್ಕೋಬೇಕು ಅಂತ ಆಸೆ, ಯಾಕಂದ್ರೆ ವಾಲಂಟಿಯರ್‌ಗಳ ಮೇಲೆ ಎಷ್ಟು ದಿನ ಅಂತ ಹೊರಿಸೋದು.

ಫ್ಯಾಮಿಲಿ ಫೌಂಡೇಶನ್‌ಗಳು (ಒಂದು ಕುಟುಂಬ ತನ್ನ ದುಡ್ಡು ಹಾಕಿ ನಡೆಸೋ ದಾನ ಸಂಸ್ಥೆಗಳು) ಇಂಥದ್ದಕ್ಕೆ ಕೊಡ್ತಾರೆ ಅಂತ ಎಲ್ಲರೂ ಹೇಳ್ತಾರೆ. ನಾವೂ ದೊಡ್ಡ ದೊಡ್ಡ ಹೆಸರು ಹುಡುಕಿ ಕೆಲವು ಕಡೆ ಲೆಟರ್ ಆಫ್ ಇನ್‌ಕ್ವೈರಿ (ಪೂರ್ತಿ ಅರ್ಜಿಗೆ ಮೊದಲು ಬರೆಯೋ ಚಿಕ್ಕ ಪತ್ರ) ಕಳಿಸಿದ್ವಿ, ಒಂದೆರಡು ಕಡೆಯಿಂದ ನಯವಾಗಿ ಇಲ್ಲ ಅಂತ ಬಂತು, ಉಳಿದವ್ರು ಉತ್ತರಾನೇ ಕೊಡ್ಲಿಲ್ಲ. ಒಳ್ಳೆ ಕೆಲಸ ಮಾಡ್ತಿದೀವಿ, ಪೇಪರ್ ಸರಿ ಇದೆ, ಆದ್ರೂ ಯಾಕೆ ಬಾಗಿಲು ತೆಗೀತಿಲ್ಲ? ಇದು ಒಳಗಡೆ ಗುರುತು ಪರಿಚಯ ಇದ್ರೆ ಮಾತ್ರ ಆಗೋ ಆಟಾನಾ? ಇಲ್ಲ ನಾವು ಹುಡುಕ್ತಿರೋ ಜಾಗಾನೇ ತಪ್ಪಾ? ಅನುಭವ ಇರೋರು ನೇರವಾಗಿ ಹೇಳಿ, ಬೇಜಾರಿಲ್ಲ.

ಲೆಕ್ಕದಪುಸ್ತಕ

ಮೇಷ್ಟ್ರೇ, ನಾನು ಸಣ್ಣ ನಾನ್‌ಪ್ರಾಫಿಟ್‌ಗಳ ಅಕೌಂಟ್ಸ್ ನೋಡ್ತೀನಿ, ಹಾಗಾಗಿ ನನಗೆ ಗೊತ್ತಿರೋ ಕಡೆಯಿಂದ ಹೇಳ್ತೀನಿ. ಹುಡುಕ್ತಿರೋ ಜಾಗಾನೇ ತಪ್ಪು ಅಂತ ನನಗನ್ನಿಸ್ತಿದೆ.

ನೀವು ಹೇಳೋ ದೊಡ್ಡ ಹೆಸರುಗಳಿವೆಯಲ್ಲ, ಅವ್ರ ಆಟದ ಮೈದಾನಾನೇ ಬೇರೆ. ಉದಾಹರಣೆಗೆ ವಿಲಿಯಂ ಟಿ. ಗ್ರಾಂಟ್ ಫೌಂಡೇಶನ್ ತಗೊಳ್ಳಿ, 1936ರದ್ದು, ಕೆಲಸ ಎಲ್ಲಾ 5ರಿಂದ 25 ವಯಸ್ಸಿನವರ ಬಗ್ಗೇನೇ, ಓದಿದ ತಕ್ಷಣ ಅರೇ ಇದು ನಮಗೇ ಮಾಡಿಟ್ಟಿದ್ದು ಅನ್ಸುತ್ತೆ, ಆದ್ರೆ ಅವ್ರು ಮುಖ್ಯವಾಗಿ ದುಡ್ಡು ಹಾಕೋದು ರಿಸರ್ಚ್‌ಗೆ. ಶನಿವಾರದ ಕ್ಲಾಸ್‌ಗೆ ಅಲ್ಲ. ಮಿಶಿಗನ್‌ನ ಫ್ಲಿಂಟ್ ಊರಿನ ಮಾಟ್ ಫೌಂಡೇಶನ್ (ಚಾರ್ಲ್ಸ್ ಸ್ಟೂವರ್ಟ್ ಮಾಟ್, 1926) ಆಫ್ಟರ್‌ಸ್ಕೂಲ್ ಅಂದ್ರೆ ಮೊದಲು ನೆನಪಾಗೋ ಹೆಸರು, ಅವ್ರೂ ಅಷ್ಟೇ, ಒಂದೊಂದು ಕ್ಲಾಸ್‌ರೂಮ್‌ಗೆ ಕೊಡೋಕಿಂತ ಐವತ್ತೂ ಸ್ಟೇಟ್‌ಗಳಲ್ಲಿ ಆಫ್ಟರ್‌ಸ್ಕೂಲ್ ನೆಟ್‌ವರ್ಕ್ ಕಟ್ಟೋದಕ್ಕೆ ದುಡ್ಡು ಹಾಕಿದ್ದಾರೆ. ಅದರಿಂದ ನಿಮಗೆ ಉಪಯೋಗ ಇಲ್ಲ ಅಂತಲ್ಲ. ನಿಮ್ಮ ಸ್ಟೇಟ್ ನೆಟ್‌ವರ್ಕ್ ಯಾವುದು ಅಂತ ಹುಡುಕಿ ಅದರ ಮೇಲಿಂಗ್ ಲಿಸ್ಟ್‌ಗೆ ಸೇರ್ಕೊಳ್ಳಿ, ಸಣ್ಣ ಗ್ರಾಂಟ್, ಟ್ರೈನಿಂಗ್ ಸುದ್ದಿ ಅಲ್ಲಿ ಬರುತ್ತೆ. ಬಾಲ್ಟಿಮೋರ್‌ನ ಆನಿ ಇ. ಕೇಸಿ ಫೌಂಡೇಶನ್‌ನ ಕಿಡ್ಸ್ ಕೌಂಟ್ ಅಂತ ಡೇಟಾ ಸೆಂಟರ್ ಇದೆ, ಪುಕ್ಕಟೆ, ಕೌಂಟಿ ಮಟ್ಟದ ಅಂಕಿಅಂಶ ಸಿಗುತ್ತೆ. ದುಡ್ಡು ಬರದಿದ್ರೂ ಪ್ರಪೋಸಲ್‌ನಲ್ಲಿ ನಮ್ಮ ಏರಿಯಾದಲ್ಲಿ ಅಗತ್ಯ ಇದೆ ಅನ್ನೋ ಪ್ಯಾರಾಕ್ಕೆ ಅದು ಸಾಕು.

ನಿಮಗೆ ಕೊಡೋರು ಯಾರು ಅಂದ್ರೆ ಹೆಸರೇ ಕೇಳಿರದ ಸ್ಥಳೀಯ ಫ್ಯಾಮಿಲಿ ಫೌಂಡೇಶನ್‌ಗಳು. ತಾತ ಒಂದು ಫ್ಯಾಕ್ಟರಿಯೋ ಅಂಗಡಿಯೋ ಮಾರಿದ ದುಡ್ಡು, ಈಗ ಮಗಳು, ಮೊಮ್ಮಗ, ಒಬ್ಬ ಲಾಯರ್ ಸೇರಿ ನಡೆಸ್ತಾರೆ, ವೆಬ್‌ಸೈಟ್ ಇಲ್ಲ, ಸ್ಟಾಫ್ ಇಲ್ಲ, ಅಡ್ರೆಸ್ ನೋಡಿದ್ರೆ ಯಾವುದೋ ಬ್ಯಾಂಕಿನ ಟ್ರಸ್ಟ್ ಡಿಪಾರ್ಟ್‌ಮೆಂಟ್. ಇಂಥವ್ರನ್ನ ಗೂಗಲ್‌ನಲ್ಲಿ ಹುಡುಕಿದ್ರೆ ಸಿಗಲ್ಲ. ಸಿಗೋದು 990-ಪಿಎಫ್‌ನಲ್ಲಿ. ಪ್ರತಿಯೊಂದು ಪ್ರೈವೇಟ್ ಫೌಂಡೇಶನ್ನೂ (ಫ್ಯಾಮಿಲಿ ಫೌಂಡೇಶನ್‌ಗಳು ಸಾಮಾನ್ಯವಾಗಿ ಇದೇ ಗುಂಪು) ವರ್ಷಾವರ್ಷ ಐಆರ್‌ಎಸ್‌ಗೆ (ಅಮೆರಿಕಾದ ತೆರಿಗೆ ಇಲಾಖೆ) ಆ ಫಾರಂ ಕೊಡ್ಲೇಬೇಕು, ಅದು ಸಾರ್ವಜನಿಕ ದಾಖಲೆ, ಯಾರು ಬೇಕಾದ್ರೂ ನೋಡಬಹುದು. ಪ್ರೋಪಬ್ಲಿಕಾ ಅನ್ನೋ ಸುದ್ದಿ ಸಂಸ್ಥೆಯ ನಾನ್‌ಪ್ರಾಫಿಟ್ ಎಕ್ಸ್‌ಪ್ಲೋರರ್‌ ಸೈಟಲ್ಲಿ ಪುಕ್ಕಟೆ ಇದೆ. ಕ್ಯಾಂಡಿಡ್ ಅನ್ನೋ ನಾನ್‌ಪ್ರಾಫಿಟ್ ಮಾಹಿತಿ ಸಂಸ್ಥೆಯವರ (ಫೌಂಡೇಶನ್ ಸೆಂಟರ್, ಗೈಡ್‌ಸ್ಟಾರ್ ಎರಡೂ 2019ರಲ್ಲಿ ಸೇರಿ ಆಗಿದ್ದು) ಡೈರೆಕ್ಟರಿಗೆ ದುಡ್ಡು ಕೊಡ್ಬೇಕು, ಆದ್ರೆ ಬಹಳಷ್ಟು ಪಬ್ಲಿಕ್ ಲೈಬ್ರರಿಗಳಲ್ಲಿ ಅಲ್ಲೇ ಕೂತು ಪುಕ್ಕಟೆ ಬಳಸಬಹುದು. ನೀವು ಹೇಗೂ ಲೈಬ್ರರಿಯಲ್ಲೇ ಇರ್ತೀರಲ್ಲ, ಲೈಬ್ರರಿಯನ್‌ನ ಕೇಳಿ.

ಆ ಫಾರಂ ತೆಗೆದ್ರೆ ಪುಟ ಪುಟ ಷೇರು ಲೆಕ್ಕ ಇರುತ್ತೆ, ಅದನ್ನ ಓದ್ತಾ ಕೂರಬೇಡಿ, ನೇರ ಕೊನೆ ಕಡೆ ಸಪ್ಲಿಮೆಂಟರಿ ಇನ್‌ಫರ್ಮೇಶನ್ ಭಾಗಕ್ಕೆ ಹೋಗಿ. ಅಲ್ಲಿ ಲೈನ್ 2ರಲ್ಲಿ ಒಂದು ಬಾಕ್ಸ್ ಇದೆ, ನಾವು ಮೊದಲೇ ಆರಿಸಿಕೊಂಡಿರೋ ಸಂಸ್ಥೆಗಳಿಗೆ ಮಾತ್ರ ಕೊಡ್ತೀವಿ, ಕೇಳದೇ ಬಂದ ಅರ್ಜಿ ತಗೊಳ್ಳಲ್ಲ ಅಂತ. ಅದರಲ್ಲಿ ಟಿಕ್ ಇದ್ರೆ ಲೆಟರ್ ಕಳಿಸಿ ಪ್ರಯೋಜನ ಇಲ್ಲ, ನಿಮಗೆ ಉತ್ತರ ಬರದೇ ಇರೋದಕ್ಕೆ ಇದೇ ಕಾರಣ ಇರಬಹುದು. ಟಿಕ್ ಇಲ್ಲದಿದ್ರೆ ಯಾರಿಗೆ ಬರೀಬೇಕು, ಹೇಗೆ ಬರೀಬೇಕು, ಡೆಡ್‌ಲೈನ್ ಯಾವಾಗ ಅಂತ ಅಲ್ಲೇ ಕೆಳಗೆ ಇರುತ್ತೆ. ಲೈನ್ 3ರಲ್ಲಿ ಆ ವರ್ಷ ಯಾರ್ಯಾರಿಗೆ ಎಷ್ಟೆಷ್ಟು ಕೊಟ್ರು ಅನ್ನೋ ಪಟ್ಟಿ. ಈ ಪಟ್ಟಿಯೇ ಚಿನ್ನ ಕಣ್ರೀ. ಅವ್ರು ಬಾಯಲ್ಲಿ ಏನು ಹೇಳ್ತಾರೆ ಅನ್ನೋದು ಬೇಡ, ಚೆಕ್ ಯಾರಿಗೆ ಬರೆದಿದ್ದಾರೆ ನೋಡಿ. ಮೂರು ನಾಲ್ಕು ವರ್ಷದ್ದು ಪಕ್ಕ ಪಕ್ಕ ಇಟ್ಟು ನೋಡಿದ್ರೆ ಗೊತ್ತಾಗುತ್ತೆ, ಹೊಸಬರಿಗೆ ಕೊಡ್ತಾರಾ ಇಲ್ಲಾ ಅದೇ ಹಳೇ ಹತ್ತು ಜನಕ್ಕೇ ಕೊಡ್ತಾರಾ, ಸಣ್ಣ ಗ್ರಾಂಟ್ ಅಂದ್ರೆ ಅವ್ರ ಪಾಲಿಗೆ 2,000ನಾ 20,000ನಾ, ನಿಮ್ಮ ಕೌಂಟಿಯಲ್ಲಿ ಯಾರಾದ್ರೂ ಇದ್ದಾರಾ ಅಂತ.

ಇನ್ನೊಂದು, ಇವ್ರು ಕೊಡೋದು ಬರೀ ಔದಾರ್ಯ ಅಲ್ಲ, ಕಾನೂನೂ ಇದೆ. ಪ್ರೈವೇಟ್ ಫೌಂಡೇಶನ್ ತನ್ನ ಹೂಡಿಕೆ ಆಸ್ತಿಯ ಸುಮಾರು 5% ವರ್ಷಾವರ್ಷ ದಾನ ಕೆಲಸಕ್ಕೆ ಖರ್ಚು ಮಾಡಬೇಕು (ಆಡಳಿತದ ನ್ಯಾಯವಾದ ಖರ್ಚೂ ಅದರಲ್ಲಿ ಸೇರುತ್ತೆ). ಅಂದ್ರೆ 20 ಲಕ್ಷ ಡಾಲರ್ ಇರೋ ಫೌಂಡೇಶನ್ ವರ್ಷಕ್ಕೆ ಒಂದು ಲಕ್ಷ ಆಚೆ ಹಾಕಬೇಕು. ಅಷ್ಟು ಸಣ್ಣವರ ಹತ್ರ ಹೋಗಿ 50,000 ಕೇಳಿದ್ರೆ ಅವ್ರ ಅರ್ಧ ವರ್ಷದ ದುಡ್ಡು ಕೇಳಿದ ಹಾಗೆ. 5,000 ಕೇಳಿ, ಮಾತಾಡ್ತಾರೆ.

ಕಡ್ಡಿಮುರಿ

ಮೇಲಿನವ್ರು ಹೇಳಿದ್ದೆಲ್ಲಾ ಸರಿ, ಆದ್ರೆ ಯಾರೂ ಹೇಳದ ಮಾತು ನಾನು ಹೇಳ್ತೀನಿ. ಈ ಗ್ರಾಂಟ್ ಹಿಂದೆ ಬಿದ್ರೆ ಮಕ್ಕಳಿಗೆ ಪಾಠ ಹೇಳೋ ಟೈಮ್ ಹೋಗುತ್ತೆ. 2,500 ಡಾಲರ್‌ಗೆ ಹನ್ನೆರಡು ಪುಟದ ಅರ್ಜಿ, ಲಾಜಿಕ್ ಮಾಡೆಲ್ (ಏನು ಮಾಡಿದ್ರೆ ಏನು ಫಲ ಬರುತ್ತೆ ಅನ್ನೋ ನಕ್ಷೆ), ಮೂರು ವರ್ಷದ ಬಜೆಟ್, ಬೋರ್ಡ್ ಲಿಸ್ಟ್, ಆಮೇಲೆ ಆರು ತಿಂಗಳಿಗೊಂದು ರಿಪೋರ್ಟ್ ಕೇಳೋರು ಇದ್ದಾರೆ. ನಿಮ್ಮ ಗಂಟೆಗೆ ಬೆಲೆ ಕಟ್ಟಿ ಲೆಕ್ಕ ಹಾಕಿದ್ರೆ ಎಷ್ಟೋ ಸಲ ಅದು ಲಾಸು. ಅರ್ಜಿ ಹಾಕೋಕೆ ಮೊದಲು ಬಂದ್ರೆ ಎಷ್ಟು, ಬರೋ ಚಾನ್ಸ್ ಎಷ್ಟು, ಬರೆಯೋಕೆ ಮತ್ತು ರಿಪೋರ್ಟಿಗೆ ಎಷ್ಟು ಗಂಟೆ, ಇಷ್ಟು ಬರ್ಕೊಂಡು ನೋಡಿ.

ಇನ್ನೊಂದು, ಗ್ರಾಂಟ್ ದುಡ್ಡಲ್ಲಿ ಕೋಆರ್ಡಿನೇಟರ್‌ನ ಇಟ್ಕೊಂಡು ಮುಂದಿನ ವರ್ಷ ಆ ಫ್ಯಾಮಿಲಿಯ ಮೊಮ್ಮಗನಿಗೆ ಸಮುದ್ರದ ಆಮೆ ಮೇಲೆ ಪ್ರೀತಿ ಬಂದ್ರೆ ಆಗ ಏನ್ಮಾಡ್ತೀರಾ? ತಮಾಷೆ ಅಲ್ಲ, ತಲೆಮಾರು ಬದಲಾದಾಗ ಫೌಂಡೇಶನ್ ದಿಕ್ಕು ಬದಲಾಗೋದು ಮಾಮೂಲು. ಸರ್ಕಾರದ ದುಡ್ಡು ನಂಬ್ಕೊಳ್ಳೋಣ ಅಂದ್ರೆ ಅದೂ ಕಂಡಿದೀವಲ್ಲ, 2025ರ ಜುಲೈನಲ್ಲಿ 21ಸ್ಟ್ ಸೆಂಚುರಿ ಅನ್ನೋ ಯೋಜನೆಯ ಆಫ್ಟರ್‌ಸ್ಕೂಲ್ ದುಡ್ಡನ್ನೇ ಫೆಡರಲ್ ಸರ್ಕಾರ ತಡೆದಿಟ್ಟು ಎಲ್ಲರ ಉಸಿರು ನಿಲ್ಲಿಸಿ ಆಮೇಲೆ ಬಿಟ್ಟಿತು.

ನನ್ನ ಕೇಳಿದ್ರೆ ತಿಂಗಳಿಗೆ 25, 50 ಡಾಲರ್ ಕೊಡೋ ಜನಾನ ಕೂಡಿಸಿ. ಕನ್ನಡ ಕೂಟ, ಆಫೀಸ್ ಮ್ಯಾಚಿಂಗ್, ಅಕ್ಕಪಕ್ಕದ ಮನೆಯವ್ರು. ಬೋರಿಂಗ್ ಕೆಲಸ, ಆದ್ರೆ ಆ ದುಡ್ಡು ನಿಮ್ಮ ಮಾತು ಕೇಳುತ್ತೆ.

ನೀಲಿಪೆನ್ನು

ಕಡ್ಡಿಮುರಿ ಅವ್ರು ಹೇಳಿದ ಗಂಟೆ ಲೆಕ್ಕ ನಿಜ, ಒಪ್ತೀನಿ. ಆದ್ರೆ ಎಲ್ಲಾ ಫೌಂಡೇಶನ್ನೂ ಹಾಗಿಲ್ಲ. ನಾನು ಒಂದು ಸಣ್ಣ ಫ್ಯಾಮಿಲಿ ಫೌಂಡೇಶನ್‌ಗೆ ಅರ್ಜಿ ಓದಿ ಶಿಫಾರಸು ಮಾಡೋ ಕೆಲಸ ಮಾಡ್ತೀನಿ, ಯಾವುದು ಅಂತ ಕೇಳಬೇಡಿ. 2020ರ ಕೋವಿಡ್ ಆದ್ಮೇಲೆ ಎಷ್ಟೋ ಕಡೆ ಫಾರಂ ಚಿಕ್ಕದು ಮಾಡಿದ್ದಾರೆ, ಬೇರೆ ಫೌಂಡೇಶನ್‌ಗೆ ಬರೆದ ಪ್ರಪೋಸಲನ್ನೇ ಕಳಿಸಿ ಸಾಕು ಅನ್ನೋರಿದ್ದಾರೆ, ರಿಪೋರ್ಟ್ ಬದಲು ಅರ್ಧ ಗಂಟೆ ಫೋನ್ ಮಾತು ಸಾಕು ಅನ್ನೋರಿದ್ದಾರೆ. ಇದಕ್ಕೆ ಟ್ರಸ್ಟ್ ಬೇಸ್ಡ್ ಫಿಲಾಂತ್ರಪಿ ಅಂತ ಹೆಸರು. ಕೆಲವರಿಗೆ ಅದು ಬರೀ ಫ್ಯಾಶನ್, ಕೆಲವರು ನಿಜವಾಗ್ಲೂ ಹಾಗೇ ನಡ್ಕೋತಾರೆ, ಮೊದಲ ಫೋನ್ ಕಾಲ್‌ನಲ್ಲೇ ವ್ಯತ್ಯಾಸ ಗೊತ್ತಾಗಿಬಿಡುತ್ತೆ.

ಪರಿಚಯ ಇದ್ರೇನೇ ಆಗೋದಾ ಅಂತ ಮೇಷ್ಟ್ರು ಕೇಳಿದ್ರಲ್ಲ. ಅರ್ಧ ಹೌದು. ನಮ್ಮ ಟೇಬಲ್ ಮೇಲೆ ಗೊತ್ತಿರೋ ಪ್ರಿನ್ಸಿಪಾಲ್ ಒಬ್ರು ಈ ಶನಿವಾರದ ಕ್ಲಾಸ್ ನೋಡಿ ಬನ್ನಿ ಅಂದಿದ್ದಕ್ಕೂ, ಯಾರೋ ಗೊತ್ತಿಲ್ಲದವ್ರಿಂದ ಬಂದ ಪಿಡಿಎಫ್‌ಗೂ ತೂಕ ಒಂದೇ ಇರಲ್ಲ, ಇರುತ್ತೆ ಅಂತ ಹೇಳಿದ್ರೆ ಸುಳ್ಳು. ಆದ್ರೆ ಪರಿಚಯ ಅಂದ್ರೆ ಶ್ರೀಮಂತರ ಪಾರ್ಟಿಗೆ ಹೋಗೋದು ಅಂದ್ಕೋಬೇಡಿ. ಲೆಕ್ಕದಪುಸ್ತಕ ಅವ್ರು ಹೇಳಿದ ಆ ಪಟ್ಟಿಯಲ್ಲಿ ಈಗಾಗಲೇ ದುಡ್ಡು ತಗೊಂಡಿರೋ ಸಂಸ್ಥೆಗಳಿರ್ತವೆ. ಬಾಯ್ಸ್ ಅಂಡ್ ಗರ್ಲ್ಸ್ ಕ್ಲಬ್ ಇರಬಹುದು, ಫುಡ್ ಪ್ಯಾಂಟ್ರಿ ಇರಬಹುದು. ಅವ್ರನ್ನ ಭೇಟಿ ಮಾಡಿ, ನಿಮ್ಮ ಮಕ್ಕಳೂ ಅವ್ರ ಮಕ್ಕಳೂ ಎಷ್ಟೋ ಸಲ ಅದೇ ಮಕ್ಕಳೇ ಆಗಿರ್ತಾರೆ. ಅವ್ರು ಫೌಂಡೇಶನ್‌ನವರಿಗೆ ಒಂದು ಇಮೇಲ್ ಹಾಕಿದ್ರೆ ಅದೇ ಪರಿಚಯ. ಸ್ಥಳೀಯ ಕಮ್ಯುನಿಟಿ ಫೌಂಡೇಶನ್ (ಏರಿಯಾದ ಬಹಳ ದಾನಿಗಳ ದುಡ್ಡು ಒಟ್ಟಿಗೆ ಇಟ್ಟು ಹಂಚೋ ಸಂಸ್ಥೆ) ಸ್ಟಾಫ್‌ನ್ನೂ ಮಾತಾಡಿಸಿ, ಏರಿಯಾದಲ್ಲಿ ಯಾವ ಕುಟುಂಬಕ್ಕೆ ಯಾವ ವಿಷಯದಲ್ಲಿ ಆಸಕ್ತಿ ಅಂತ ಅವ್ರಿಗೆ ಬಾಯಲ್ಲೇ ಇರುತ್ತೆ. ಎಷ್ಟೋ ಕುಟುಂಬಗಳು ಸ್ವಂತ ಫೌಂಡೇಶನ್ ಬಿಟ್ಟು ಅಲ್ಲೇ ಡೋನರ್ ಅಡ್ವೈಸ್ಡ್ ಫಂಡ್ (ಯಾರಿಗೆ ಕೊಡ್ಬೇಕು ಅಂತ ಕುಟುಂಬ ಸಲಹೆ ಕೊಡೋ ದಾನದ ಖಾತೆ) ಇಟ್ಟಿರ್ತಾರೆ, ಅವು 990-ಪಿಎಫ್‌ನಲ್ಲಿ ಕಾಣೋದೇ ಇಲ್ಲ.

ಈಗ ನಿಮ್ಮ ಅರ್ಜಿ ನನ್ನ ಕೈಗೆ ಬಂತು ಅಂದ್ಕೊಳ್ಳಿ. ನಾನು ಏನು ನೋಡ್ತೀನಿ ಹೇಳ್ತೀನಿ. ಮೊದಲು ಐಆರ್‌ಎಸ್ ಸೈಟಲ್ಲಿ ಸ್ಟೇಟಸ್ ಜೀವಂತ ಇದೆಯಾ ಅಂತ ನೋಡ್ತೀನಿ, ಯಾಕಂದ್ರೆ ಮೂರು ವರ್ಷ ಸತತ ರಿಟರ್ನ್ ಹಾಕದಿದ್ರೆ ತಾನಾಗೇ ರದ್ದಾಗುತ್ತೆ, ಸಣ್ಣವರಲ್ಲಿ ಇದು ಆಗ್ತಾನೇ ಇರುತ್ತೆ. ನಿಮ್ಮ ಸೈಜ್‌ಗೆ 990-ಎನ್ (ಸಣ್ಣ ಸಂಸ್ಥೆಗಳ ಚುಟುಕು ರಿಟರ್ನ್) ಹಾಕ್ತಿರ್ತೀರಿ, ಆ ಈ-ಪೋಸ್ಟ್‌ಕಾರ್ಡ್. ಅದರಲ್ಲಿ ದುಡ್ಡಿನ ವಿವರ ಏನೂ ಇರಲ್ಲ, ಹಾಗಾಗಿ ನೀವೇ ಒಂದು ಪುಟದ ಜಮಾ ಖರ್ಚು ಮತ್ತು ಬ್ಯಾಲೆನ್ಸ್ ಶೀಟ್ ಮಾಡಿ ಬೋರ್ಡ್ ಒಪ್ಪಿದ್ದು ಅಂತ ದಿನಾಂಕ ಹಾಕಿ ಜೊತೆಗಿಡಿ. ಕೇಳೋಕೆ ಮೊದಲೇ ಇದ್ರೆ ನನಗೆ ಖುಷಿ.

ಆಮೇಲೆ ಬೋರ್ಡ್ ಪಟ್ಟಿ. ಇಲ್ಲಿ ನಿಮಗೊಂದು ಕಷ್ಟದ ಪ್ರಶ್ನೆ. ಬೋರ್ಡಲ್ಲಿ ಎಲ್ಲರೂ ನಿಮ್ಮ ಫ್ರೆಂಡ್ಸೇನಾ? ಎಲ್ಲರೂ ಸಾಫ್ಟ್‌ವೇರ್‌ನವ್ರೇನಾ? ಆ ಮಕ್ಕಳ ಅಮ್ಮನೋ ಅಪ್ಪನೋ, ಆ ಸ್ಕೂಲ್ ಟೀಚರ್ರೋ ಒಬ್ರಾದ್ರೂ ಇದ್ದಾರಾ? ಒಳ್ಳೇ ಮನಸ್ಸಿನ ಇಂಜಿನಿಯರ್‌ಗಳು ಸೇರಿ ಬೇರೆಯವರ ಮಕ್ಕಳಿಗೆ ಏನು ಬೇಕು ಅಂತ ತಾವೇ ತೀರ್ಮಾನ ಮಾಡ್ತಿರೋ ಪ್ರೋಗ್ರಾಂ ಬಹಳ ನೋಡಿದೀನಿ. ಮಕ್ಕಳಿಗೆ ಬೇಕಾಗಿರೋದು ಸಂಜೆ ಮನೆಗೆ ಹೋಗೋಕೆ ಬಸ್, ಇವ್ರು ಕೇಳ್ತಿರೋದು ರೋಬೋಟಿಕ್ಸ್ ಕಿಟ್‌ಗೆ ದುಡ್ಡು. ತಾಯ್ತಂದೆಯರನ್ನ ಕೂರಿಸಿ ಕೇಳಿ, ಅವ್ರು ಹೇಳಿದ್ದರಿಂದ ಏನು ಬದಲಾಯಿಸಿದ್ರಿ ಅಂತ ಎರಡು ಸಾಲು ಬರೀರಿ. ಅಂಥ ಎರಡು ಸಾಲು ನಾನು ಅಪರೂಪಕ್ಕೆ ಓದ್ತೀನಿ.

ಮಕ್ಕಳ ಸುರಕ್ಷತೆ ಬಗ್ಗೆ ಬರೀದೇ ಇರೋ ಅರ್ಜಿ ನಾನು ಮುಂದಕ್ಕೆ ಕಳಿಸಲ್ಲ, ಎಷ್ಟೇ ಚೆನ್ನಾಗಿರಲಿ. ವಾಲಂಟಿಯರ್‌ಗಳ ಬ್ಯಾಕ್‌ಗ್ರೌಂಡ್ ಚೆಕ್ ಆಗಿದೆಯಾ, ಒಬ್ಬ ದೊಡ್ಡವ್ರು ಒಂದು ಮಗು ಜೊತೆ ಒಂಟಿಯಾಗಿ ಇರಬಾರದು ಅನ್ನೋ ನಿಯಮ ಇದೆಯಾ, ಏನಾದ್ರೂ ಅನುಮಾನ ಬಂದ್ರೆ ಯಾರಿಗೆ ಹೇಳ್ಬೇಕು ಅಂತ ಎಲ್ಲರಿಗೂ ಗೊತ್ತಾ. ಇನ್ಶೂರೆನ್ಸ್ ಇದೆ ಅಂದ್ರೆ ಸಾಲದು, ಸಾಮಾನ್ಯ ಲಯಬಿಲಿಟಿ ಪಾಲಿಸಿಯಲ್ಲಿ ಲೈಂಗಿಕ ದೌರ್ಜನ್ಯದ ಕವರ್ ಎಷ್ಟೋ ಸಲ ಹೊರಗಿಟ್ಟಿರ್ತಾರೆ, ಅದನ್ನ ಬೇರೆಯಾಗಿ ಸೇರಿಸ್ಬೇಕು. ಏಜೆಂಟ್‌ಗೆ ಫೋನ್ ಮಾಡಿ ಇವತ್ತೇ ಕೇಳಿ.

ಸೈಟ್ ವಿಸಿಟ್‌ಗೆ ಬರ್ತೀವಿ ಅಂದ್ರೆ ಹೆದರಬೇಡಿ, ಅದು ಹೆಣ್ಣು ನೋಡೋ ಶಾಸ್ತ್ರ ಅಲ್ಲ. ಮಕ್ಕಳಿಗೆ ಹೊಸ ಟೀಶರ್ಟ್ ಹಾಕಿಸಿ ಹಾಡು ಹೇಳಿಸೋದು ಬೇಡ. ಮಾಮೂಲಿ ಶನಿವಾರ ಹೇಗಿರುತ್ತೋ ಹಾಗಿರಲಿ, ಗಲಾಟೆ ಇದ್ರೆ ಗಲಾಟೆ.

ಶನಿವಾರದ_ಮೇಷ್ಟ್ರು

ಅಬ್ಬಾ ಇಷ್ಟೊಂದು ಹೇಳಿದ್ರಿ, ಎಲ್ಲರಿಗೂ ಥ್ಯಾಂಕ್ಸ್. ನೀಲಿಪೆನ್ನು ಅವ್ರೇ, ಬೋರ್ಡ್ ವಿಷಯ ನೇರವಾಗಿ ಬಂದು ತಾಗಿತು, ಅಲ್ಲಿ ನಾವೆಲ್ಲಾ ಒಂದೇ ವಾಟ್ಸಾಪ್ ಗ್ರೂಪಿನವ್ರು. ಮಕ್ಕಳನ್ನ ಕರ್ಕೊಂಡು ಬರೋ ಅಜ್ಜಿ ಒಬ್ರಿದ್ದಾರೆ, ಸ್ಪ್ಯಾನಿಷ್ ಮಾತ್ರ ಮಾತಾಡ್ತಾರೆ ಆದ್ರೆ ಆ ಅಪಾರ್ಟ್‌ಮೆಂಟ್‌ನಲ್ಲಿ ಯಾವ ಮಗು ಯಾಕೆ ಬರಲಿಲ್ಲ ಅಂತ ಅವ್ರಿಗೇ ಗೊತ್ತಿರೋದು. ಅವ್ರನ್ನ ಕೇಳ್ತೀನಿ.

ಇನ್ನು ಮೂರು ಪ್ರಶ್ನೆ ಉಳ್ಕೊಂಡಿದೆ. ವಾಲಂಟಿಯರ್ ಒಬ್ರ ಬಾಸ್‌ಗೆ ಫ್ಯಾಮಿಲಿ ಫೌಂಡೇಶನ್ ಇದೆಯಂತೆ, ಅವ್ರು ಬಂದು ನೋಡಿ ಬಹಳ ಇಷ್ಟ ಪಟ್ಟು ಇಡೀ ವರ್ಷದ ಖರ್ಚು ನಾವೇ ಕೊಡ್ತೀವಿ, ಬೇರೆ ಯಾರ ಹತ್ರಾನೂ ಹೋಗಬೇಡಿ ಅಂತ ಬಾಯಿಮಾತಲ್ಲಿ ಹೇಳಿದ್ದಾರೆ. ಕೇಳೋಕೆ ಲಾಟರಿ ಹೊಡೆದ ಹಾಗಿದೆ, ಆದ್ರೆ ಏನೋ ಒಂಥರಾ ಅನ್ಸುತ್ತೆ. ಎರಡನೇದು, ಅದೇ ಮನೆಯವ್ರು ಇಬ್ಬರು ಚುರುಕು ಮಕ್ಕಳಿಗೆ ಸಮ್ಮರ್ ಕ್ಯಾಂಪ್ ಫೀಸ್ ನೇರವಾಗಿ ಫೌಂಡೇಶನ್ನಿಂದ ಕೊಡಬಹುದಾ ಅಂತ ಕೇಳ್ತಿದ್ದಾರೆ. ಮೂರನೇದು, ಎಲ್ಲರೂ ಔಟ್‌ಕಮ್ ತೋರಿಸಿ ಅಂತಾರೆ, ಸ್ಕೂಲಲ್ಲಿ ಗ್ರೇಡ್ ಕೇಳಿದ್ರೆ ಕೊಡಲ್ಲ ಅಂತಾರೆ, ಏನು ತೋರಿಸೋದು?

ಲೆಕ್ಕದಪುಸ್ತಕ

ಮೊದಲನೇದಕ್ಕೆ ನಿಲ್ಲಿ ಸ್ವಲ್ಪ, ಸಹಿ ಹಾಕೋಕೆ ಮೊದಲು ಇದನ್ನ ಓದಿ. ನೀವು ಪಬ್ಲಿಕ್ ಚಾರಿಟಿ, ಅಂದ್ರೆ ಬಹಳ ಜನರ ದಾನದಿಂದ ನಡೆಯೋ ಸಂಸ್ಥೆ. ಹಾಗೇ ಉಳೀಬೇಕಂದ್ರೆ ಹೊಸ ಸಂಸ್ಥೆಗೆ ಮೊದಲ ಐದು ವರ್ಷ ಸಡಿಲ ಇರುತ್ತೆ, ಆರನೇ ವರ್ಷದಿಂದ ಪಬ್ಲಿಕ್ ಸಪೋರ್ಟ್ ಟೆಸ್ಟ್ ಬರುತ್ತೆ. ಐದು ವರ್ಷದ ಒಟ್ಟು ಸಪೋರ್ಟ್‌ನಲ್ಲಿ ಮೂರನೇ ಒಂದು ಭಾಗ ಸಾರ್ವಜನಿಕರಿಂದ ಬಂದಿರಬೇಕು. ಕಿತಾಪತಿ ಎಲ್ಲಿದೆ ಅಂದ್ರೆ, ಒಬ್ಬ ದಾನಿ ಎಷ್ಟೇ ಕೊಡಲಿ, ಒಟ್ಟು ಮೊತ್ತದ 2% ಮಾತ್ರ ಸಾರ್ವಜನಿಕ ಅಂತ ಲೆಕ್ಕಕ್ಕೆ ಬರುತ್ತೆ, ಆ ಮನೆಯವ್ರು ಮತ್ತೆ ಅವ್ರ ಫೌಂಡೇಶನ್ ಎಲ್ಲಾ ಸೇರಿ ಒಬ್ಬ ದಾನಿ ಇದ್ದ ಹಾಗೆ.

ಲೆಕ್ಕ ಮಾಡಿ ತೋರಿಸ್ತೀನಿ. ಐದು ವರ್ಷಕ್ಕೆ ಒಟ್ಟು 3,00,000 ಡಾಲರ್ ಬಂತು ಅಂತ ಇಟ್ಕೊಳ್ಳಿ, 2% ಅಂದ್ರೆ 6,000. ಅದರಲ್ಲಿ ಆ ಒಂದು ಕುಟುಂಬ 2,40,000 ಕೊಟ್ಟಿದೆ, ಉಳಿದ 60,000 ಸಣ್ಣ ಸಣ್ಣ ದಾನಿಗಳದ್ದು. ಸಾರ್ವಜನಿಕ ಅಂತ ಲೆಕ್ಕಕ್ಕೆ ಬರೋದು 60,000 ಪ್ಲಸ್ 6,000, ಒಟ್ಟು 66,000, ಅಂದ್ರೆ 22%. ಮೂರನೇ ಒಂದು ಭಾಗ ಮುಟ್ಟಲಿಲ್ಲ. 10% ಮೇಲಿದ್ರೆ ಪರಿಸ್ಥಿತಿ ವಿವರಿಸಿ ಉಳ್ಕೊಳ್ಳೋ ಇನ್ನೊಂದು ದಾರಿ ಇದೆ, ಆದ್ರೆ ಅದಕ್ಕೆ ನೀವು ಸಾರ್ವಜನಿಕರಿಂದ ದುಡ್ಡು ಎತ್ತೋ ಪ್ರಯತ್ನ ನಿರಂತರವಾಗಿ ಮಾಡ್ತಿದೀವಿ ಅಂತ ತೋರಿಸ್ಬೇಕು. ಅವ್ರು ನೋಡಿದ್ರೆ ಬೇರೆ ಯಾರ ಹತ್ರಾನೂ ಹೋಗಬೇಡಿ ಅಂತಿದ್ದಾರೆ! ಎರಡೂ ಕಡೆಯಿಂದ ಸಿಕ್ಕಾಕೊಂಡ್ರಿ. ಸತತ ಎರಡು ವರ್ಷ ಟೆಸ್ಟ್ ಫೇಲ್ ಆದ್ರೆ ನೀವೇ ಪ್ರೈವೇಟ್ ಫೌಂಡೇಶನ್ ಅಂತ ಆಗೋಗ್ತೀರಿ, ಆಮೇಲೆ 990-ಪಿಎಫ್ ನೀವು ಹಾಕ್ಬೇಕು, ಬೇರೆ ಫೌಂಡೇಶನ್‌ಗಳು ನಿಮಗೆ ಕೊಡೋಕೆ ಹಿಂದೆ ಮುಂದೆ ನೋಡ್ತವೆ. ಕಡ್ಡಿಮುರಿ ಅವ್ರು ಹೇಳಿದ 25 ಡಾಲರ್ ದಾನಿಗಳು ಈ ಲೆಕ್ಕದಲ್ಲೂ ನಿಮ್ಮನ್ನ ಕಾಯ್ತಾರೆ, ಅದಕ್ಕೇ ಅವ್ರನ್ನ ಬಿಡಬೇಡಿ.

ದುಡ್ಡು ಬೇಡ ಅನ್ನಬೇಕಿಲ್ಲ. ಮೊದಲ ವರ್ಷ ಇಷ್ಟು, ಎರಡನೇ ವರ್ಷ ಸ್ವಲ್ಪ ಕಮ್ಮಿ, ಮೂರನೇ ವರ್ಷ ಬೇರೆಯವ್ರಿಂದ ನಾವು ಎಷ್ಟು ಎತ್ತುತ್ತೀವೋ ಅಷ್ಟಕ್ಕೆ ನೀವು ಮ್ಯಾಚ್ ಮಾಡಿ ಅಂತ ಮಾತಾಡಿ. ತಿಳುವಳಿಕೆ ಇರೋ ಕುಟುಂಬ ಆಗಿದ್ರೆ ಇಷ್ಟಪಡ್ತಾರೆ. ಏನೇ ಆದ್ರೂ ಬರಹದಲ್ಲಿ ತಗೊಳ್ಳಿ, ಬಾಯಿಮಾತಿನ ಮೇಲೆ ಕೋಆರ್ಡಿನೇಟರ್‌ಗೆ ಆಫರ್ ಲೆಟರ್ ಕೊಡ್ಬೇಡಿ.

ಎರಡನೇದು ಆಗಲ್ಲ, ಅಷ್ಟು ಸುಲಭಕ್ಕೆ. ಪ್ರೈವೇಟ್ ಫೌಂಡೇಶನ್ ನೇರವಾಗಿ ವ್ಯಕ್ತಿಗಳಿಗೆ ಓದಿಗೆ ಅಂತ ದುಡ್ಡು ಕೊಡೋಕೆ ಆಯ್ಕೆ ವಿಧಾನಕ್ಕೆ ಐಆರ್‌ಎಸ್‌ನಿಂದ ಮೊದಲೇ ಒಪ್ಪಿಗೆ ಬೇಕು. ಇಬ್ಬರು ಮಕ್ಕಳ ಹೆಸರು ಹೇಳಿ ಅವ್ರಿಗೇ ಕೊಡಿ ಅಂತ ನಿಮ್ಮ ಮೂಲಕ ಹಾಯಿಸೋದೂ ಅಷ್ಟೇ ತೊಂದರೆ. ಬೇಸಿಗೆ ಕ್ಯಾಂಪ್ ನೆರವಿಗೆ ಅಂತ ಪ್ರೋಗ್ರಾಂಗೆ ಕೊಡಲಿ, ಯಾವ ಮಗುವಿಗೆ ಅನ್ನೋದು ನಿಮ್ಮ ಕಮಿಟಿ ನಿಮ್ಮದೇ ನಿಯಮದ ಪ್ರಕಾರ ಆರಿಸಲಿ, ಅಲ್ಲಿ ಫೌಂಡೇಶನ್‌ನವ್ರ ಕೈ ಇರಬಾರದು.

ಹಾಂ, ಫಂಡ್‌ರೈಸರ್ ಡಿನ್ನರ್ ಮಾಡೋ ಪ್ಲಾನ್ ಇದ್ರೆ ಒಂದು ಎಚ್ಚರ. ಫೌಂಡೇಶನ್ ದುಡ್ಡಲ್ಲಿ ಟೇಬಲ್ ತಗೊಂಡು ಮನೆಯವ್ರು ಬಂದು ಊಟ ಮಾಡೋದು ಸೆಲ್ಫ್ ಡೀಲಿಂಗ್ (ಫೌಂಡೇಶನ್ ದುಡ್ಡಿಂದ ಮನೆಯವ್ರೇ ಲಾಭ ಪಡೆಯೋದು, ಕಾನೂನು ಬಿಡಲ್ಲ) ಕೆಳಗೆ ಬರಬಹುದು. ಟಿಕೆಟ್ ಅವ್ರ ಸ್ವಂತ ದುಡ್ಡಲ್ಲಿ ತಗೊಳ್ಳಲಿ. ಹಾಗೇ ಅವ್ರಲ್ಲಿ ಯಾರಾದ್ರೂ ಸ್ವಂತ ಹೆಸರಲ್ಲಿ ಕಾನೂನಿಗೆ ಕಟ್ಟುಬೀಳೋ ಥರ ಪ್ಲೆಡ್ಜ್ (ಇಷ್ಟು ಕೊಡ್ತೀನಿ ಅನ್ನೋ ಮಾತು) ಬರೆದುಕೊಟ್ಟಿದ್ರೆ ಅದನ್ನ ಫೌಂಡೇಶನ್ ಚೆಕ್ಕಿಂದ ತೀರಿಸೋ ಹಾಗಿಲ್ಲ. ಇದು ಅವ್ರ ತಲೆನೋವು, ಆದ್ರೆ ನಿಮಗೆ ಗೊತ್ತಿದ್ರೆ ಮರ್ಯಾದೆ ಉಳಿಯುತ್ತೆ.

ಬ್ಯಾಕ್‌ಬೆಂಚ್

ನಾನು ಗ್ರಾಂಟ್ ಬರೆದವನಲ್ಲ, ಇಂಥ ಒಂದು ಪ್ರೋಗ್ರಾಂನಲ್ಲಿ ಬೆಳೆದವನು. ಅಮ್ಮ ಎರಡು ಕೆಲಸ ಮಾಡ್ತಿದ್ರು, ನಾನು ಸ್ಕೂಲ್ ಮುಗಿದ್ಮೇಲೆ ಅಲ್ಲಿಗೆ ಹೋಗ್ತಿದ್ದೆ. ಒಂದೇ ಒಂದು ಮಾತು ಮೇಷ್ಟ್ರಿಗೆ. ದಾನಿಗಳ ಡಿನ್ನರ್‌ನಲ್ಲಿ ಮಕ್ಕಳನ್ನ ಸ್ಟೇಜ್ ಮೇಲೆ ನಿಲ್ಲಿಸಿ ನಿಮ್ಮ ಮನೆ ಕಷ್ಟ ಹೇಳು ಅಂತ ಹೇಳಿಸ್ಬೇಡಿ. ನಮ್ಮಲ್ಲಿ ಹಾಗೆ ಮಾಡಿಸ್ತಿದ್ರು, ನನ್ನ ಜೊತೆಗಿದ್ದ ಹುಡುಗಿ ಅಪ್ಪ ಇಲ್ಲ ಅಂತ ಮೈಕಲ್ಲಿ ಹೇಳಿದ್ಮೇಲೆ ಮತ್ತೆ ಬರಲೇ ಇಲ್ಲ. ಫೋಟೋಗೆ ಅಪ್ಪ ಅಮ್ಮನ ಒಪ್ಪಿಗೆ ಫಾರಂ ಮಾತ್ರ ಅಲ್ಲ, ಮಗೂನೂ ಕೇಳಿ, ಬೇಡ ಅಂದ್ರೆ ಬೇಡ. ಹನ್ನೆರಡು ವರ್ಷಕ್ಕೆ ಹಾಕಿದ ಫೋಟೋ ಕಾಲೇಜ್ ಟೈಮಲ್ಲಿ ಫ್ರೆಂಡ್ಸ್ ಕೈಗೆ ಸಿಗುತ್ತೆ.

ಮಗು ಏನು ಕಲಿತು ಅಂತ ಹೇಳಿಸಿ, ಅದನ್ನ ಹೇಳೋಕೆ ಯಾರಿಗೂ ನಾಚಿಕೆ ಇಲ್ಲ. ನಾನೇ ಬರೆದ ಪ್ರೋಗ್ರಾಂ ಓಡಿದ ದಿನ ಯಾರಾದ್ರೂ ಮೈಕ್ ಕೊಟ್ಟಿದ್ರೆ ಬಿಡ್ತಾನೇ ಇರ್ಲಿಲ್ಲ ನಾನು.

ನೀಲಿಪೆನ್ನು

ಬ್ಯಾಕ್‌ಬೆಂಚ್ ಹೇಳಿದ್ದು ನೂರಕ್ಕೆ ನೂರು. ಅರ್ಜಿಯಲ್ಲೂ ಅಷ್ಟೇ, ಗೋಳಿನ ಕಥೆ ಓದಿ ಓದಿ ನಮಗೆ ಒಂದು ಮಗುವಿನ ಮುಖಾನೂ ನೆನಪಿರಲ್ಲ.

ಮೂರನೇ ಪ್ರಶ್ನೆಗೆ. ಸ್ಕೂಲ್‌ನವ್ರು ಗ್ರೇಡ್ ಕೊಡದೇ ಇರೋದು ಹಟ ಅಲ್ಲ, ಫರ್ಪಾ ಅಂತ 1974ರ ಕಾನೂನು, ತಾಯ್ತಂದೆಯ ಲಿಖಿತ ಒಪ್ಪಿಗೆ ಇಲ್ಲದೆ ವಿದ್ಯಾರ್ಥಿಯ ದಾಖಲೆ ಹೊರಗಿನವ್ರಿಗೆ ಕೊಡೋ ಹಾಗಿಲ್ಲ. ಸೇರಿಸಿಕೊಳ್ಳೋ ಫಾರಂನಲ್ಲೇ ಆ ಒಪ್ಪಿಗೆಗೆ ಒಂದು ಜಾಗ ಇಡಿ, ಮನೆ ಭಾಷೆಯಲ್ಲೂ ಇರಲಿ, ಸ್ಕೂಲ್ ಡಿಸ್ಟ್ರಿಕ್ಟ್‌ನ ಸ್ವಂತ ಫಾರಂ ಇರುತ್ತೆ ಅದನ್ನೇ ಕೇಳಿ ತಗೊಳ್ಳಿ. ಸಹಿ ಹಾಕದವ್ರನ್ನ ಕ್ಲಾಸಿಂದ ತೆಗೀಬೇಡಿ ಮತ್ತೆ.

ಗ್ರೇಡ್ ಸಿಗೋವರೆಗೆ ನಿಮ್ಮ ಕೈಲಿರೋದನ್ನ ಎಣಿಸಿ. ಅಟೆಂಡೆನ್ಸ್ ಅಂದ್ರೆ ಹಗುರವಾಗಿ ನೋಡ್ತಾರೆ, ನನಗೆ ಅದೇ ಮೊದಲ ಸಾಕ್ಷಿ. ಯಾರೂ ಬಲವಂತ ಮಾಡದೆ ಮಿಡಲ್ ಸ್ಕೂಲ್ ಮಗು ಶನಿವಾರ ಬೆಳಗ್ಗೆ ಎದ್ದು ಬರುತ್ತೆ ಅಂದ್ರೆ ಅಲ್ಲಿ ಏನೋ ಇದೆ. ಸೆಪ್ಟೆಂಬರ್‌ನಲ್ಲಿ ಬಂದವ್ರಲ್ಲಿ ಮೇ ತಿಂಗಳಲ್ಲಿ ಎಷ್ಟು ಜನ ಉಳಿದಿದ್ದಾರೆ ಅಂತ ತೋರಿಸಿ, ಬಿಟ್ಟವ್ರು ಯಾಕೆ ಬಿಟ್ರು ಅಂತಾನೂ ಬರೀರಿ, ಆ ಅಜ್ಜಿಗೆ ಗೊತ್ತಿರುತ್ತೆ. ಭಿನ್ನರಾಶಿಯ ಹತ್ತು ಲೆಕ್ಕ ಮೊದಲ ವಾರ, ಅದೇ ಮಟ್ಟದ ಹತ್ತು ಲೆಕ್ಕ ಕೊನೇ ವಾರ, ಅಷ್ಟೇ ಸಾಕು. ನಮ್ಮ ಕ್ಲಾಸಿಂದ ಇಡೀ ಸ್ಕೂಲಿನ ಟೆಸ್ಟ್ ಸ್ಕೋರ್ ಏರಿತು ಅಂತ ಮಾತ್ರ ಬರೀಬೇಡಿ, ವಾರಕ್ಕೆ ಎರಡು ಗಂಟೆ ಪಾಠದಿಂದ ಹಾಗಾಗಲ್ಲ ಅಂತ ಓದೋರಿಗೂ ಗೊತ್ತು.

ಕೋಆರ್ಡಿನೇಟರ್ ಸಂಬಳ, ಇನ್ಶೂರೆನ್ಸ್, ಬುಕ್‌ಕೀಪಿಂಗ್ ಎಲ್ಲಾ ಬಜೆಟ್‌ನಲ್ಲಿ ನೇರವಾಗಿ ತೋರಿಸಿ. ಓವರ್‌ಹೆಡ್ (ಆಫೀಸು, ಲೆಕ್ಕಪತ್ರದಂಥ ಆಡಳಿತ ಖರ್ಚು) ಸೊನ್ನೆ ಅಂತ ತೋರಿಸೋರನ್ನ ನೋಡಿದ್ರೆ ನನಗೆ ಅನುಮಾನಾನೇ ಜಾಸ್ತಿ. ಫೆಡರಲ್ ಗ್ರಾಂಟ್‌ಗಳಲ್ಲೇ ಸರ್ಕಾರದ ಜೊತೆ ದರ ಒಪ್ಪಂದ ಇಲ್ಲದವ್ರಿಗೆ ಪರೋಕ್ಷ ವೆಚ್ಚದ (ಅಂದ್ರೆ ಇದೇ ಓವರ್‌ಹೆಡ್) ಮಿತೀನ 2024ರ ಅಕ್ಟೋಬರ್‌ನಿಂದ 10%ರಿಂದ 15%ಗೆ ಏರಿಸಿದ್ದಾರೆ, ಫ್ಯಾಮಿಲಿ ಫೌಂಡೇಶನ್‌ಗೆ ಆ ನಿಯಮ ಅನ್ವಯ ಆಗಲ್ಲ, ಆದ್ರೆ ಮಾತಿಗೆ ಒಂದು ಆಧಾರ ಸಿಗುತ್ತೆ.

ಕಡ್ಡಿಮುರಿ

ನೀಲಿಪೆನ್ನು ಅವ್ರ ಥರ ಓದೋರು ಎಲ್ಲಾ ಕಡೆ ಇದ್ರೆ ನಾನು ಮೇಲೆ ಬರೆದಿದ್ದು ಅಳಿಸ್ತಿದ್ದೆ. ಇಲ್ಲ, ಹಾಗಾಗಿ ಇರಲಿ ಅದು.

ಶನಿವಾರದ_ಮೇಷ್ಟ್ರು

ಹಹ ಇರಲಿ ಇರಲಿ. ನಿನ್ನೆ ರಾತ್ರಿ ನಾನ್‌ಪ್ರಾಫಿಟ್ ಎಕ್ಸ್‌ಪ್ಲೋರರ್‌ನಲ್ಲಿ ಕೂತಿದ್ದೆ. ನಾವು ಬರೆದಿದ್ದ ಕೆಲವು ಫೌಂಡೇಶನ್‌ಗಳಲ್ಲಿ ಆ ಲೈನ್ 2 ಬಾಕ್ಸ್ ಟಿಕ್ ಇದೆ, ಅದಕ್ಕೇ ಉತ್ತರ ಇಲ್ಲ! ನಮ್ಮ ಕೌಂಟಿಯಲ್ಲೇ ಟಿಕ್ ಇಲ್ಲದ, ಲೈಬ್ರರಿಗೂ ಸ್ಕೂಲ್ ಬ್ಯಾಂಡ್‌ಗೂ ಕೊಟ್ಟಿರೋ ಒಂದು ಫೌಂಡೇಶನ್ ಸಿಕ್ಕಿದೆ, ಅರ್ಜಿ ಕಾಗದದಲ್ಲಿ ಪೋಸ್ಟ್‌ನಲ್ಲೇ ಕಳಿಸ್ಬೇಕಂತೆ. ಲೈಬ್ರರಿಯನ್‌ಗೆ ಆ ಮನೆಯವ್ರು ಗೊತ್ತಾ ಅಂತ ಶನಿವಾರ ಕೇಳ್ತೀನಿ. ಬಾಸ್ ಅವ್ರಿಗೆ ಮೂರು ವರ್ಷದ ಪ್ಲಾನ್ ಬರೆದು ಕಳಿಸ್ತೀವಿ, ಮ್ಯಾಚ್ ಸೇರಿಸಿ. ಇನ್ಶೂರೆನ್ಸ್ ಏಜೆಂಟ್ ಫೋನ್ ಎತ್ತಿದ್ರು, ಆ ಕವರ್ ನಮ್ಮ ಪಾಲಿಸಿಯಲ್ಲಿ ಇಲ್ವಂತೆ, ಸೇರಿಸೋಕೆ ವಾಲಂಟಿಯರ್ ಬ್ಯಾಕ್‌ಗ್ರೌಂಡ್ ಚೆಕ್ ದಾಖಲೆ ಕೇಳ್ತಿದ್ದಾರೆ. ಲೆಕ್ಕದಪುಸ್ತಕ ಅವ್ರೇ, ಆ ದಾಖಲೆ ಎಷ್ಟು ವರ್ಷ ಇಟ್ಕೋಬೇಕು, ಯಾರ ಹತ್ರ ಇರಬೇಕು ಅಂತ ಗೊತ್ತಿದ್ರೆ ಹೇಳಿ.